ಹಬ್ಬದ ತಾರೀಖು ಯಾಕೆ ಸರಿಯುತ್ತದೆ

2025ರ ಮಾರ್ಚ್ 30, ಭಾನುವಾರ. ಅಂದು ಯುಗಾದಿ. ಬೆಳಿಗ್ಗೆ ಬೇವು-ಬೆಲ್ಲ ತಿಂದು, ಮಧ್ಯಾಹ್ನ ಹೋಳಿಗೆ ಉಂಡವರು ಸಂಜೆ ಮಹಡಿ ಹತ್ತಿ ಪಡುವಣ ದಿಕ್ಕಿಗೆ ಕಣ್ಣು ನೆಟ್ಟರು. ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಎರಗುವುದು ವಾಡಿಕೆ. ಅದೇ ಹೊತ್ತಿಗೆ ಪಕ್ಕದ ಬೀದಿಯ ಮಹಡಿಯ ಮೇಲೂ ಜನ ನಿಂತಿದ್ದರು. ಒಂದು ತಿಂಗಳ ಉಪವಾಸ ಮುಗಿಯಿತೇ, ನಾಳೆ ರಂಜಾನ್ ಹಬ್ಬವೇ ಎಂದು ತಿಳಿಯಲು ಅವರೂ ಅದೇ ಎಳೆಯ ಚಂದ್ರನನ್ನು ಹುಡುಕುತ್ತಿದ್ದರು. ಚಂದ್ರ ಕಂಡ. ಮರುದಿನ ಸೋಮವಾರ ಈದ್ ಆಯಿತು.

ಅದರ ಹಿಂದಿನ ವರ್ಷವೂ ಹೀಗೆಯೇ. ಏಪ್ರಿಲ್ 9ಕ್ಕೆ ಯುಗಾದಿ, ರಾಜ್ಯದ ಹೆಚ್ಚಿನ ಕಡೆ 11ಕ್ಕೆ ರಂಜಾನ್. 2026ರಲ್ಲೂ ಎರಡು ಹಬ್ಬಗಳ ನಡುವೆ ಒಂದೆರಡು ದಿನಗಳ ಅಂತರವಷ್ಟೇ. ಹಾಗಾದರೆ ಇವು ಇನ್ನು ಮುಂದೆ ಜೋಡಿ ಹಬ್ಬಗಳೇ? 2027ರ ಪಂಚಾಂಗ ಬಿಡಿಸಿದರೆ ಯುಗಾದಿ ಏಪ್ರಿಲ್ 7ಕ್ಕೆ ಇದೆ. ರಂಜಾನ್ ಹಬ್ಬ ಮಾರ್ಚ್ ಎರಡನೇ ವಾರದಲ್ಲೇ ಮುಗಿದಿರುತ್ತದೆ. ಮೂರು ವರ್ಷ ಒಟ್ಟಿಗೆ ನಡೆದ ಹಬ್ಬಗಳು ಒಮ್ಮೆಲೇ ಒಂದು ತಿಂಗಳಷ್ಟು ದೂರವಾಗುತ್ತವೆ.

ಈ ದೂರಕ್ಕೆ ಕಾರಣ 2026ರ ಮೇ 17ರಿಂದ ಜೂನ್ 15ರವರೆಗಿನ ಅಧಿಕ ಜ್ಯೇಷ್ಠ ಮಾಸ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ ಹನ್ನೆರಡು ತಿಂಗಳು ಸೇರಿದರೆ 354 ದಿನ. ಋತುಗಳನ್ನು ತಿರುಗಿಸುವ ಸೂರ್ಯನ ವರ್ಷವಾದರೋ 365 ದಿನ, ಮೇಲೆ ಕಾಲು ದಿನ. ವರ್ಷಕ್ಕೆ ಹನ್ನೊಂದು ದಿನದ ಈ ಕೊರತೆಯನ್ನು ಹಾಗೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಯುಗಾದಿ ಚಳಿಗಾಲಕ್ಕೆ ಜಾರಿ, ಬೇವು ಹೂ ಬಿಡುವ ಮೊದಲೇ ಬಂದುಬಿಡುತ್ತದೆ. ಅದಕ್ಕೇ ನಮ್ಮ ಪಂಚಾಂಗದವರು ಕೊರತೆ ಒಂದು ತಿಂಗಳಷ್ಟಾದಾಗ ಒಂದು ಮಾಸವನ್ನೇ ಹೆಚ್ಚಿಗೆ ಕೂಡಿಸುತ್ತಾರೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟದೇ ಇರುವ ಚಾಂದ್ರಮಾಸ ಯಾವುದೋ ಅದೇ ಅಧಿಕ ಮಾಸ. ಹತ್ತೊಂಬತ್ತು ವರ್ಷಗಳಲ್ಲಿ ಸುಮಾರು ಏಳು ಸಲ ಇದು ಬರುತ್ತದೆ. ಯಹೂದಿಗಳ ಪಂಚಾಂಗದಲ್ಲೂ ಲೆಕ್ಕ ಇದೇ: ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ. ಅವರ ಪಾಸ್ಕ ಹಬ್ಬ ವಸಂತವನ್ನು ಬಿಟ್ಟು ಹೋಗಬಾರದು ಎಂಬುದೇ ಅಲ್ಲಿಯ ಉದ್ದೇಶ.

ಇಸ್ಲಾಂ ಬೇರೆ ದಾರಿ ಹಿಡಿಯಿತು. ಹೆಚ್ಚಿನ ತಿಂಗಳು ಸೇರಿಸುವ ಹಳೆಯ ಅರಬ್ ಪದ್ಧತಿಯನ್ನು ಕುರಾನಿನ ಒಂಬತ್ತನೆಯ ಅಧ್ಯಾಯ ನಿಷೇಧಿಸಿತು. ಹಾಗಾಗಿ ಕ್ರಿ.ಶ. 622ರಿಂದ ಎಣಿಸುವ ಹಿಜರಿ ವರ್ಷಕ್ಕೆ ಸದಾ ಹನ್ನೆರಡೇ ಚಾಂದ್ರಮಾಸ. ಅದರ ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು ಮೂವತ್ಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 1998ರಲ್ಲಿ ರಂಜಾನ್ ಹಬ್ಬ ಜನವರಿಯ ಚಳಿಯಲ್ಲಿ ಬಂದಿತ್ತು. 2018ರಲ್ಲಿ ಉಪವಾಸ ಮೇ ತಿಂಗಳ ಬಿಸಿಲಿನಲ್ಲಿ ಆರಂಭವಾಯಿತು. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ, ಒಂದೇ ಕ್ಯಾಲೆಂಡರಿನಲ್ಲಿ ರಂಜಾನ್ ಮಾಸ ಎರಡು ಸಲ ಶುರುವಾಗುತ್ತದೆ. ಈ ಸರಿಯುವಿಕೆಯಲ್ಲಿ ಒಂದು ನ್ಯಾಯವೂ ಉಂಟು. ಭೂಮಿಯ ಯಾವ ಮೂಲೆಯಲ್ಲಿದ್ದವರಿಗೂ ದೀರ್ಘ ಹಗಲಿನ ಉಪವಾಸವಷ್ಟೇ ಗಂಟು ಬೀಳುವುದಿಲ್ಲ. ಒಂದು ಆಯುಷ್ಯದಲ್ಲಿ ಎಲ್ಲರ ಪಾಲಿಗೂ ಎಲ್ಲ ಕಾಲವೂ ಬರುತ್ತದೆ.

ಉತ್ತರ ಕರ್ನಾಟಕದ ಮೊಹರಂ ಈ ಮಾತಿಗೆ ಎದ್ದು ಕಾಣುವ ಸಾಕ್ಷಿ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹತರಾದ ಶೋಕದ ದಿನಗಳವು. ಆದರೆ ರಾಯಚೂರು, ಕೊಪ್ಪಳ, ವಿಜಯಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಅದು ಇಡೀ ಊರಿನ ಆಚರಣೆ. ಮಸೂತಿಯ ಮುಂದೆ ಅಲಾಯಿ ಕುಣಿ ತೋಡುತ್ತಾರೆ, ಅದರಲ್ಲಿ ಕಟ್ಟಿಗೆ ಹಾಕಿ ಬೆಂಕಿ ಮಾಡುತ್ತಾರೆ. ಲೋಹದ ಪಂಜಾಗಳಿಗೆ ಬಣ್ಣದ ಬಟ್ಟೆ ಉಡಿಸಿ ದೇವರನ್ನು ಕೂಡಿಸುತ್ತಾರೆ. ಹರಕೆ ಹೊತ್ತವರು ಕೊರಳಿಗೆ ದಾರ ಕಟ್ಟಿಕೊಂಡು ಫಕೀರರಾಗುತ್ತಾರೆ, ಮೈಗೆ ಬಣ್ಣ ಬಳಿದುಕೊಂಡ ಹುಲಿವೇಷಗಳು ಮನೆಮನೆಗೆ ಬರುತ್ತವೆ. ಗೋಧಿ ಹಿಟ್ಟು ನಾದಿ, ಮೇಲ್ಮೈಗೆ ಗೆರೆ ಮೂಡಿಸಿ ಬೇಯಿಸಿದ ಚೊಂಗೆ, ಜೊತೆಗೆ ಸಕ್ಕರೆ: ಇದು ದೇವರ ಎಡೆ. ಕತ್ತಲ ರಾತ್ರಿಯಂದು ಹೆಜ್ಜೆ ಮೇಳದವರು ಕುಣಿಯ ಸುತ್ತ ಹಾಡುವ ರಿವಾಯತ್ ಪದಗಳು ಅಚ್ಚ ಕನ್ನಡದವು. ಕರ್ಬಲಾದ ಕಥೆಯನ್ನು ಆ ಹಾಡುಗಾರರು ಜೋಳದ ಹೊಲದ ಭಾಷೆಯಲ್ಲಿ ಹೇಳುತ್ತಾರೆ. ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ. ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಈ ದಿನಗಳಲ್ಲಿ ಸುತ್ತಲಿನ ಜಿಲ್ಲೆಗಳಿಂದ ಜನ ಸೇರುತ್ತಾರೆ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಪಂಜಾ ಕೂಡುತ್ತದೆ, ಓದಿಕೆ ಮಾಡಲು ಬೇರೆ ಊರಿನಿಂದ ಮುಲ್ಲಾ ಅವರನ್ನು ಕರೆತರುತ್ತಾರೆ.

2009ರಲ್ಲಿ ಮೊಹರಂ ಡಿಸೆಂಬರ್ ಕೊನೆಗೆ ಬಂದಿತ್ತು, ಹಿಂಗಾರಿ ಜೋಳ ಹೊಲದಲ್ಲಿ ಎದ್ದು ನಿಂತ ಕಾಲ. 2025ರಲ್ಲಿ ಅದು ಜುಲೈ 6ಕ್ಕೆ ಬಂತು, ಮುಂಗಾರಿ ಬಿತ್ತನೆ, ಎಡೆ ಹೊಡೆಯುವ ಗಡಿಬಿಡಿಯ ನಡುವೆ. ರೈತನ ಹಬ್ಬಗಳೆಲ್ಲ ಬೆಳೆಯ ಹಿಂದೆ ಬಂದರೆ ಇದೊಂದು ಮಾತ್ರ ಬೆಳೆಯನ್ನು ಕೇಳದೆ ಬರುತ್ತದೆ. ಆದರೂ ಒಕ್ಕಲುತನದ ಊರುಗಳು ಅದನ್ನು ತಮ್ಮದಾಗಿಸಿಕೊಂಡು, ಯಾವ ಋತುವಿನಲ್ಲಿ ಬಂದರೂ ಕೆಲಸ ನಿಲ್ಲಿಸಿ ಕುಣಿ ತೋಡುತ್ತವೆ. ಇಂಥ ಬಾಂಧವ್ಯವನ್ನು ಯಾವ ಸರ್ಕಾರದ ಆದೇಶವೂ ಹುಟ್ಟಿಸಲಾರದು.

ಕರಾವಳಿಯಲ್ಲಿ ಕಥೆ ತಿರುವುಮುರುವು. ಅಲ್ಲಿ ಬೆಳೆಯೇ ಹಬ್ಬಗಳನ್ನು ಒಟ್ಟುಗೂಡಿಸಿದೆ.

ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರಿಗೆ ಸೆಪ್ಟೆಂಬರ್ 8 ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಕನ್ಯಾಮರಿಯಮ್ಮನ ಜನ್ಮದಿನ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಹಬ್ಬಕ್ಕೆ ಈ ಹೆಸರು ಬಂದಿದೆ. ಹಿಂದಿನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನ ಬಾಲ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಒಯ್ದು, ಮನೆಗೆ ಇಷ್ಟೆಂದು ಹಂಚುತ್ತಾರೆ. ಮನೆಯ ಹಿರಿಯರು ಆ ಕಾಳುಗಳ ಸಿಪ್ಪೆ ಸುಲಿದು, ಅಕ್ಕಿಯನ್ನು ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅದೇ ಹೊಸ ಊಟ. ಮೀನು ಮಾಂಸ ಪ್ರಿಯವಾದ ಮನೆಗಳಲ್ಲೂ ಅಂದು ಬಾಳೆಲೆಯ ಮೇಲೆ ಶುದ್ಧ ತರಕಾರಿ ಊಟ, ಪಲ್ಯಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ದುಬೈ, ಕುವೈತಿನಲ್ಲಿ ನೆಲೆಸಿದ ಮಂಗಳೂರಿನವರು ಕೂಡ ಆ ಹೊತ್ತಿಗೆ ಊರಿನಿಂದ ತೆನೆ ತರಿಸಿಕೊಳ್ಳುತ್ತಾರೆ.

ಅದೇ ಗದ್ದೆಯ ಅದೇ ತೆನೆ ಕೆಲವು ದಿನಗಳ ಆಚೆ ಈಚೆ ನೆರೆಯ ತುಳುವರ ಮನೆಗೂ ಬರುತ್ತದೆ. ಚೌತಿಯಿಂದ ನವರಾತ್ರಿಯವರೆಗಿನ ಒಂದು ಒಳ್ಳೆಯ ದಿನ ತೆನೆಯನ್ನು ಮಾವು, ಹಲಸು, ಬಿದಿರಿನ ಎಲೆಗಳಲ್ಲಿ ಸುತ್ತಿ, ನಾರಿನಿಂದ ಬಿಗಿದು, ಮುಂಬಾಗಿಲಿಗೆ, ತುಳಸಿಕಟ್ಟೆಗೆ, ನೇಗಿಲಿಗೆ, ಭತ್ತದ ಕಣಜಕ್ಕೆ ಕಟ್ಟುತ್ತಾರೆ. ಕುಂದಾಪುರದವರು ಇದನ್ನು ಹೊಸ್ತು ಎನ್ನುತ್ತಾರೆ. ಹೊಸ ಅಕ್ಕಿಯ ಅನ್ನ ಮೊದಲು ದೇವರಿಗೆ, ಆಮೇಲೆ ಹಿರಿಯರ ಕೈಯಿಂದ ಕಿರಿಯರಿಗೆ. ಒಂದು ಮನೆಯಲ್ಲಿ ಮರಿಯಮ್ಮನ ಜನ್ಮದಿನ, ಇನ್ನೊಂದು ಮನೆಯಲ್ಲಿ ಲಕ್ಷ್ಮಿಯ ಪೂಜೆ. ನಡುವೆ ಹರಿಯುವ ತೋಡು ಒಂದೇ, ಮಳೆ ಒಂದೇ. ಕ್ರೈಸ್ತರ ಪಂಚಾಂಗದಲ್ಲಿ ಆ ದಿನ ಮರಿಯಮ್ಮನದಷ್ಟೇ. ತೆನೆಯನ್ನು ಅಲ್ಲಿಗೆ ತಂದು ಸೇರಿಸಿದವರು ಈ ಕರಾವಳಿಯ ಒಕ್ಕಲುಗಳು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಅದೇ ಸೆಪ್ಟೆಂಬರ್ 8ಕ್ಕೆ ತೆನೆಯ ಸುದ್ದಿಯಿಲ್ಲ. ಅಲ್ಲಿ ಕಾವಿ ಬಟ್ಟೆ ತೊಟ್ಟ ಭಕ್ತರು ಮತ್ತು ಸಂಜೆಯ ತೇರು ಹಬ್ಬದ ಕಳೆ.

ಕ್ರೈಸ್ತರ ಹಬ್ಬಗಳೆಲ್ಲ ನಿಗದಿತ ತಾರೀಖಿನವು ಎಂದು ಹಲವರು ತಿಳಿದಿದ್ದಾರೆ. ಕ್ರಿಸ್ಮಸ್ ಹಾಗೆ ನಿಜ. ಈಸ್ಟರ್ ಮಾತ್ರ ಚಂದ್ರನನ್ನು ಬಿಟ್ಟಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. ಅದಕ್ಕಾಗಿಯೇ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬರುತ್ತದೆ, ಶುಭ ಶುಕ್ರವಾರವೂ ಅದರೊಂದಿಗೆ ಸರಿಯುತ್ತದೆ.

ಇನ್ನು ಹುಣ್ಣಿಮೆ ಅಮಾವಾಸ್ಯೆಗಳನ್ನು ಹಂಚಿಕೊಂಡ ಧರ್ಮಗಳೂ ಇವೆ. ಆಶ್ವಯುಜದ ಅಮಾವಾಸ್ಯೆ ಹಿಂದೂಗಳಿಗೆ ದೀಪಾವಳಿ. ಜೈನರಿಗೆ ಅದು ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನ, ಕ್ರಿ.ಪೂ. 527ರಿಂದ ಎಣಿಸುವ ವೀರ ನಿರ್ವಾಣ ಶಕೆಯ ವರ್ಷ ತಿರುಗುವುದೂ ಆಗಲೇ. ಸಿಖ್ಖರಿಗೆ ಗುರು ಹರಗೋಬಿಂದರು ಗ್ವಾಲಿಯರ್ ಕೋಟೆಯ ಸೆರೆಯಿಂದ ಬಿಡುಗಡೆಯಾದ ನೆನಪು. ನಮ್ಮ ಲಂಬಾಣಿ ತಾಂಡಾಗಳಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಹಾಡಿನಲ್ಲಿ ಮೇರಾ ಕೋರುವ ರಾತ್ರಿ. ಹದಿನೈದು ದಿನ ಕಳೆದು ಕಾರ್ತಿಕ ಹುಣ್ಣಿಮೆಗೆ ಗುರು ನಾನಕ್ ಜಯಂತಿ. ಆಗ ಬೀದರಿನ ನಾನಕ್ ಝೀರಾದಲ್ಲಿ ಲಂಗರಿನ ಒಲೆಗಳು ಆರುವುದೇ ಇಲ್ಲ. ಬೈಲಕುಪ್ಪೆಯ ಟಿಬೆಟನ್ನರ ಹೊಸ ವರ್ಷ ಲೋಸರ್ ಕೂಡ ಅಮಾವಾಸ್ಯೆಯ ಲೆಕ್ಕದ್ದೇ, ಅದು ಫೆಬ್ರವರಿ ಇಲ್ಲವೇ ಮಾರ್ಚಿನಲ್ಲಿ ಬರುತ್ತದೆ.

ಸೂರ್ಯನನ್ನೇ ನಂಬಿದ ಹಬ್ಬಗಳಾದರೂ ಕದಲದೆ ನಿಂತಿವೆಯೇ? ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ತಾರೀಖು 1863ರ ಜನವರಿ 12. ಇಂದು ಎಳ್ಳು ಬೀರುವುದು ಜನವರಿ 14 ಇಲ್ಲವೇ 15ಕ್ಕೆ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತದೆ, ಇಂಗ್ಲಿಷ್ ಕ್ಯಾಲೆಂಡರ್ ಋತುಗಳನ್ನು ಅಳೆಯುತ್ತದೆ. ಈ ಎರಡು ಬಗೆಯ ವರ್ಷಗಳ ಅಳತೆಯಲ್ಲಿ ಸುಮಾರು ಇಪ್ಪತ್ತು ನಿಮಿಷದ ವ್ಯತ್ಯಾಸ. ಅದೇ ಕೂಡುತ್ತ ಕೂಡುತ್ತ ಎಪ್ಪತ್ತು ವರ್ಷ ದಾಟುವಷ್ಟರಲ್ಲಿ ಒಂದು ದಿನವಾಗುತ್ತದೆ. ಪಾರ್ಸಿಗಳದು ಇನ್ನೂ ದೊಡ್ಡ ಪಯಣ. ಅವರ ಶಹೆನ್‌ಶಾಹಿ ವರ್ಷಕ್ಕೆ ಸರಿಯಾಗಿ 365 ದಿನ, ಕಾಲು ದಿನದ ಲೆಕ್ಕ ಬಿಟ್ಟುಹೋಗಿದೆ. ವಸಂತದಲ್ಲಿ ಬರಬೇಕಾದ ನವರೋಜ್ ಶತಮಾನಗಳಿಂದ ಹಿಂದೆ ಸರಿದು ಈಗ ಆಗಸ್ಟ್ ಮಧ್ಯದ ಮಳೆಯಲ್ಲಿ ಬರುತ್ತಿದೆ.

ಸ್ವತಂತ್ರ ಭಾರತ ಈ ತೊಡಕನ್ನು ಬಿಡಿಸಲು ಯತ್ನಿಸಿತು. ಖಗೋಳ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ಆಗ ದೇಶದಲ್ಲಿ ಬಳಕೆಯಲ್ಲಿದ್ದ ಪಂಚಾಂಗ ಪದ್ಧತಿಗಳು ಸುಮಾರು 30. ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು, ಅಂದರೆ ಶಕ 1879ರ ಚೈತ್ರ 1ರಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆಕಾಶವಾಣಿಯಲ್ಲಿ ಇಂಗ್ಲಿಷ್ ತಾರೀಖಿನ ಜೊತೆಗೆ ಹೇಳುವ ಶಕ ವರ್ಷದ ತಾರೀಖು ಇದೇ. ರಾಜಪತ್ರದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು, ಹಬ್ಬದ ಮನೆಗಳಲ್ಲಿ ಸಿಗಲಿಲ್ಲ. ಜನ ಯುಗಾದಿಯನ್ನು ಚಂದ್ರನ ಲೆಕ್ಕದಲ್ಲೇ ಮಾಡಿದರು, ತುಳುನಾಡು ಬಿಸುವನ್ನು ಏಪ್ರಿಲ್ ಮಧ್ಯಕ್ಕೆ ಸೂರ್ಯನ ಲೆಕ್ಕದಲ್ಲೇ ಉಳಿಸಿಕೊಂಡಿತು. ವಿಜ್ಞಾನಿಯ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೆ ಜನರ ಹಟವೂ ಅರ್ಥವಾಗುವಂಥದೇ: ಅವರಿಗೆ ಅನುಕೂಲದ ದಿನಕ್ಕಿಂತ ಅಜ್ಜಿ ಹಿಡಿದ ವ್ರತದ ತಿಥಿ ಮುಖ್ಯ.

ಕರ್ನಾಟಕ ಸರ್ಕಾರದ ರಜಾ ಪಟ್ಟಿ ಈ ಹಟವನ್ನು ಒಪ್ಪಿಕೊಂಡೇ ತಯಾರಾಗುತ್ತದೆ. ಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ, ಓದಬೇಕಾದದ್ದು ಮಾತ್ರ ಅಲ್ಲೇ ಇದೆ. ಮುಸಲ್ಮಾನರ ಹಬ್ಬ ನಿಗದಿತ ತಾರೀಖಿಗೆ ಬೀಳದಿದ್ದರೆ ಆ ಸಮುದಾಯದ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದು ಎಂದು ಅಲ್ಲೊಂದು ಸೂಚನೆ ಇರುತ್ತದೆ. ಸರ್ಕಾರವೂ ಚಂದ್ರನಿಗಾಗಿ ಕಾಯುತ್ತದೆ ಎಂದು ಅದರ ಅರ್ಥ. ಇನ್ನೊಂದು ಸೂಚನೆ ಕೊಡಗು ಜಿಲ್ಲೆಗೆ ಮಾತ್ರ ಅನ್ವಯ: ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಮೂರಕ್ಕೂ ಲೆಕ್ಕ ಬೇರೆಬೇರೆ. ಆಯುಧ ಪೂಜೆಯ ಕೈಲ್ ಮುಹೂರ್ತ ಸೆಪ್ಟೆಂಬರ್ ಆರಂಭದ್ದು. ತಲಕಾವೇರಿಯ ತೀರ್ಥೋದ್ಭವ ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯದ್ದು, ಅದು ನಡುರಾತ್ರಿಯಾದರೂ ಸರಿ, ಭಕ್ತರು ಕೊಳದ ಸುತ್ತ ಕಾದಿರುತ್ತಾರೆ. ಹುತ್ತರಿಗೆ ಹುಣ್ಣಿಮೆಯೂ ಬೇಕು, ರೋಹಿಣಿ ನಕ್ಷತ್ರವೂ ಬೇಕು, ಗದ್ದೆಯಲ್ಲಿ ಹಣ್ಣಾದ ಭತ್ತವೂ ಬೇಕು. ನೆರೆ ಎಂಬ ಎಲೆಗಳ ಕಟ್ಟನ್ನು ಕಟ್ಟುವುದು ಎಷ್ಟು ಗಂಟೆಗೆ, ಕದಿರು ತೆಗೆಯುವುದು ಎಷ್ಟು ಗಂಟೆಗೆ ಎಂಬುದನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡಿ ಜಿಲ್ಲೆಗೆಲ್ಲ ತಿಳಿಸುತ್ತಾರೆ. ಆ ರಾತ್ರಿ ಕುಟುಂಬದವರು ಗದ್ದೆಗೆ ಇಳಿದು, ಗಾಳಿಯಲ್ಲಿ ಗುಂಡು ಹಾರಿಸಿ, ಮೊದಲ ಕದಿರು ಕೊಯ್ಯುತ್ತಾರೆ.