ಗಿಟಾರು ಕೊಳ್ಳುವ ವಿಚಾರ



ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಎಲೆಕ್ಟ್ರಿಕ್ ಗಿಟಾರನ್ನು ಕುರಿತು ಮಾತನಾಡಹೊರಟರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಬರಲಿ. ನಾನಿರುವುದು ಶಿರಾಳಕೊಪ್ಪದಲ್ಲಿ. ಅಲ್ಲಮಪ್ರಭು ಮದ್ದಳೆ ಬಾರಿಸುತ್ತಿದ್ದನೆಂದು ಪರಂಪರೆ ಹೇಳುವ ಬಳ್ಳಿಗಾವೆ ನಮಗೆ ಸಂಜೆಯ ತಿರುಗಾಟದ ದೂರದಲ್ಲಿದೆ. ಆ ಮದ್ದಳೆಯ ಪ್ರಸಂಗವನ್ನು ತರಗತಿಯಲ್ಲಿ ಎಷ್ಟು ಸಲ ಬಣ್ಣಿಸಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಸ್ವಂತ ಮನೆಯೊಳಕ್ಕೆ ಒಂದು ವಾದ್ಯವನ್ನು ತರುವ ಪ್ರಸಂಗ ಬಂದದ್ದು ನಿವೃತ್ತನಾದ ಮೇಲೆಯೇ.

ನನ್ನ ಮಗಳ ಮಗ ನಮ್ಮಲ್ಲಿಯೇ ಇದ್ದುಕೊಂಡು ಪದವಿ ತರಗತಿಗೆ ಹೋಗುತ್ತಾನೆ. ಹಬ್ಬಕ್ಕೆ ಬಂದ ಹಣ, ರಜೆಯಲ್ಲಿ ಶುಂಠಿ ಮಂಡಿಯಲ್ಲಿ ಲೆಕ್ಕ ಬರೆದು ಗಳಿಸಿದ ಹಣ, ಎಲ್ಲವನ್ನೂ ಕೂಡಿಟ್ಟು ಸುಮಾರು 7 ಸಾವಿರ ರೂಪಾಯಿಗೆ ಪರದೇಶದ ಗಿಟಾರೊಂದನ್ನು ಪಾರ್ಸೆಲಿನಲ್ಲಿ ತರಿಸಿದ. ನೋಡುವುದಕ್ಕೆ ಅದು ಬಹು ಚೆಲುವಾಗಿತ್ತು. ಹೊಗೆ ಹತ್ತಿದ ಕೆಂಪುಬಣ್ಣ, ಕನ್ನಡಿಯಂತಹ ಹೊಳಪು. ನಾಲ್ಕು ತಿಂಗಳು ಅವನು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ. ಆಮೇಲೆ ಒಂದು ದಿನ ಅದನ್ನು ಚೀಲಕ್ಕೆ ಹಾಕಿ ಅಟ್ಟಕ್ಕೇರಿಸಿದ. ಏಕೆಂದು ಕೇಳಿದರೆ, “ನನಗೆ ಕಿವಿ ಇಲ್ಲ ಅಜ್ಜ, ಎಷ್ಟು ಮಾಡಿದರೂ ಅಪಸ್ವರವೇ” ಎಂದ.

ಆ ಮಾತು ನನ್ನನ್ನು ಚುಚ್ಚಿತು. ಚುಚ್ಚುವುದಕ್ಕೆ ಬೇರೊಂದು ಕಾರಣವೂ ಇತ್ತು. ಅವನ ತಾಯಿ ಹೈಸ್ಕೂಲಿನಲ್ಲಿದ್ದಾಗ, 1998ರ ಸುಮಾರಿಗೆ, ಗಿಟಾರು ಬೇಕೆಂದು ಕೇಳಿದ್ದಳು. ಅದು ಪರದೇಶದ್ದು, ನಮಗೇಕೆ, ವೀಣೆ ಕಲಿ ಎಂದಿದ್ದೆ. ವೀಣೆಯನ್ನೂ ನಾನು ಕೊಡಿಸಲಿಲ್ಲ.

ನಮ್ಮ ಊರಿನ ಭಜನಾಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರಿದ್ದಾರೆ. ಹುಡುಗನ ಕಿವಿಯನ್ನು ಪರೀಕ್ಷಿಸಲೆಂದು ಅವರನ್ನು ಮನೆಗೆ ಕರೆದೆ. ಅವರು ತಮ್ಮ ಪೆಟ್ಟಿಗೆಯ ಷಡ್ಜಕ್ಕೆ ಗಿಟಾರಿನ ಒಂದು ತಂತಿಯನ್ನು ಬಿರಡೆ ತಿರುಗಿಸಿ ಸರಿಯಾಗಿ ಕೂಡಿಸಿದರು. ಬಿಡಿ ತಂತಿಯೂ ಪೆಟ್ಟಿಗೆಯೂ ಒಂದಾದವು. ಆಮೇಲೆ ಅದೇ ತಂತಿಯನ್ನು 12ನೆಯ ಮೆಟ್ಟಿಲಿನಲ್ಲಿ ಒತ್ತಲು ಹುಡುಗನಿಗೆ ಹೇಳಿ, ತಾವು ತಾರಷಡ್ಜವನ್ನು ಹಿಡಿದರು. ಎರಡು ಸ್ವರಗಳ ನಡುವೆ ಅಲೆ ಎದ್ದು ನಡುಗತೊಡಗಿತು. ಸಂಗೀತ ತಿಳಿಯದ ನನಗೂ ಅದು ಕೇಳಿಸಿತು. “ಕಿವಿ ನೆಟ್ಟಗಿದೆ, ವಾದ್ಯ ಸೊಟ್ಟಗಿದೆ” ಎಂದು ಹೇಳಿ ಅವರು ಪೆಟ್ಟಿಗೆ ಮುಚ್ಚಿದರು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಸಾಕ್ಷಿ ನುಡಿದ ಆ ಹಾರ್ಮೋನಿಯಮ್ಮೂ ಮೂಲತಃ ಪರದೇಶದ್ದೇ. 1840ರ ದಶಕದ ಪ್ಯಾರಿಸ್ಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಕಾಲು ಕತ್ತರಿಸಿಕೊಂಡು, ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಯಿತು. ನಾನು ಈಗ ಯಾವ ಆಕಾಶವಾಣಿಯ ಮೂಲಕ ನಿಮ್ಮೊಡನೆ ಮಾತನಾಡುತ್ತಿದ್ದೇನೆಯೋ ಅದೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದೆಂದು ಹೊರಗಿಟ್ಟು, 1971ರಲ್ಲಿ ಆ ಕಟ್ಟನ್ನು ಸಡಿಲಿಸಿತು. ಅಷ್ಟರಲ್ಲಿ ನಾಟಕ ಕಂಪನಿಗಳೂ ಭಜನೆಮನೆಗಳೂ ಅದನ್ನು ನಮ್ಮದೇ ಮಾಡಿಕೊಂಡುಬಿಟ್ಟಿದ್ದವು. ಪಿಟೀಲಿನ ಕಥೆಯಂತೂ ಎಲ್ಲರಿಗೂ ಗೊತ್ತು. ಮೈಸೂರು ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಕದ್ರಿ ಗೋಪಾಲನಾಥರು ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಮನಸೋತು ಅದರಲ್ಲಿ ಕೀರ್ತನೆಗಳನ್ನೇ ನುಡಿಸಿದರು. ಆದ್ದರಿಂದ ಪರದೇಶದ್ದು ಎಂಬ ಆಕ್ಷೇಪಣೆಯನ್ನು ನಾನು ಹಿಂತೆಗೆದುಕೊಂಡಿದ್ದೇನೆ. ಉಳಿದ ಪ್ರಶ್ನೆ, ಕಡಿಮೆ ಹಣದಲ್ಲಿ ಸಿಕ್ಕುವುದರಲ್ಲಿ ಯಾವುದು ಒಳ್ಳೆಯದು ಎಂಬುದು.

ಆ ಮೊದಲ ಗಿಟಾರಿನ ದೋಷವೇನೆಂಬುದನ್ನು ಅಳತೆಪಟ್ಟಿ ಹಿಡಿದು ನಾನೇ ನೋಡಿದೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಕಿವಿಗೆ ಸರಿಬೀಳದಿದ್ದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರಿನಲ್ಲಿ ಹಾಗಲ್ಲ. ಮರಕ್ಕೆ ಗೀರು ಹಾಕಿ ಲೋಹದ ಮೆಟ್ಟಿಲನ್ನು ಬಡಿದುಬಿಡುತ್ತಾರೆ, ತಪ್ಪಿದರೆ ತಪ್ಪಿದಂತೆಯೇ. ಅದಕ್ಕೆ ಲೆಕ್ಕವಿದೆ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಇರಬೇಕಾದ ದೂರವೆಂದರೆ ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದಷ್ಟು. ತಂತಿ 648 ಮಿಲಿಮೀಟರ್ ಇದ್ದರೆ ಮೊದಲ ಮೆಟ್ಟಿಲು ತಲೆಯ ಕಡೆಯಿಂದ 36 ಮಿಲಿಮೀಟರಿಗೆ ತುಸು ಹೆಚ್ಚು, 12ನೆಯದು ಸರಿಯಾಗಿ 324ರಲ್ಲಿ. ಅಲ್ಲಿಂದ ಕುದುರೆಯವರೆಗೂ ಅಷ್ಟೇ ದೂರವಿರಬೇಕು. ನಿಜವಾಗಿ ಒಂದೆರಡು ಮಿಲಿಮೀಟರ್ ಹೆಚ್ಚೇ ಇರಬೇಕು, ಏಕೆಂದರೆ ಒತ್ತಿದಾಗ ತಂತಿ ಬಿಗಿದು ಸ್ವರ ಏರುತ್ತದೆ. ಇದಕ್ಕೆಂದೇ ಕುದುರೆಯಲ್ಲಿ ಪ್ರತಿ ತಂತಿಗೂ ಒಂದು ತಿರುಪು ಇಟ್ಟಿರುತ್ತಾರೆ. ನಮ್ಮ ಗಿಟಾರಿನಲ್ಲಿ ತಿರುಪನ್ನು ಕೊನೆಯವರೆಗೆ ಹಿಂದಕ್ಕೆ ಎಳೆದ ಮೇಲೂ 4 ಮಿಲಿಮೀಟರ್ ಕಡಿಮೆ ಬಿತ್ತು. ಕುದುರೆಯನ್ನೇ ತಪ್ಪು ಸ್ಥಳದಲ್ಲಿ ಕೂರಿಸಿದ್ದರು. ಅಷ್ಟು ಚಿಕ್ಕ ಅಳತೆ ಒಬ್ಬ ಹುಡುಗನನ್ನು ನಾಲ್ಕು ತಿಂಗಳ ಕಾಲ ತನಗೆ ಸಂಗೀತ ಬಾರದೆಂದು ನಂಬಿಸಿತ್ತು. ಪಂಡಿತನಾದವನು ಕೆಟ್ಟ ವಾದ್ಯವನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ಕಲಿಯುವವನು ಪಕ್ಕಕ್ಕಿಡುವುದು ತನ್ನನ್ನೇ.

ಹೀಗಾಗಿ ಹುಡುಗನೊಡನೆ ಬೆಂಗಳೂರಿಗೆ ಹೋದೆ. ದೊಡ್ಡ ಅಂಗಡಿಯೊಂದರಲ್ಲಿ ಒಂದು ಹಗಲು ಪೂರ್ತಿ ಕಳೆದೆವು. ಗೋಡೆಯ ತುಂಬ ಗಿಟಾರುಗಳು. 15ರಿಂದ 25 ಸಾವಿರದೊಳಗೆ ನಮ್ಮ ಕೈಗೆಟಕುವಂತೆ ಇದ್ದವು ಸ್ಕ್ವಯರ್, ಎಪಿಫೋನ್, ಯಮಾಹಾ, ಐಬನೆಜ್, ಕೋರ್ಟ್ ಎಂಬ ಹೆಸರಿನವು. ಹೆಸರುಗಳನ್ನು ಕೇಳಿ ಅವು ಅಮೆರಿಕದವು, ಜಪಾನಿನವು ಎಂದು ನಾನು ತಿಳಿದಿದ್ದೆ. ಹಿಂಬದಿಯನ್ನು ತಿರುಗಿಸಿ ಓದಿದರೆ ಹೆಚ್ಚಿನವು ಇಂಡೋನೇಷ್ಯಾದವು, ಇಲ್ಲವೆ ಚೀನಾದವು. ಸ್ಕ್ವಯರ್ ಎಂಬುದು ಅಮೆರಿಕದ ಫೆಂಡರ್ ಕಂಪನಿ 1965ರಲ್ಲಿ ಕೊಂಡ ಹೆಸರು. 1982ರಲ್ಲಿ ಜಪಾನಿನಲ್ಲಿ ತಯಾರಾದ ತನ್ನದೇ ಅಗ್ಗದ ಗಿಟಾರಿಗೆ ಅದನ್ನು ಇಟ್ಟಿತು. ತನ್ನನ್ನು ನಕಲು ಮಾಡಿ ಮಾರುತ್ತಿದ್ದವರನ್ನು ಎದುರಿಸಲು ತಾನೇ ತನ್ನ ನಕಲನ್ನು ಹೊರತಂದಂತಾಯಿತು. ಎಪಿಫೋನ್ ಕೂಡ ಹಾಗೆಯೇ 1957ರಲ್ಲಿ ಗಿಬ್ಸನ್ ಕಂಪನಿಯ ವಶಕ್ಕೆ ಬಂದ ಹೆಸರು. ಕೊರಿಯಾದ ಕೋರ್ಟ್ ಸಂಸ್ಥೆಯ ಇಂಡೋನೇಷ್ಯಾದ ಕಾರ್ಖಾನೆಯಲ್ಲಿ ಅದರದೇ ಹೆಸರಿನವಲ್ಲದೆ ಬೇರೆ ಪ್ರಖ್ಯಾತ ಹೆಸರಿನ ಗಿಟಾರುಗಳೂ ತಯಾರಾಗುತ್ತವೆ. ಯಮಾಹಾದ ಕಥೆ ನನಗೆ ಎಲ್ಲಕ್ಕಿಂತ ಹಿಡಿಸಿತು. 1887ರಲ್ಲಿ ಹಮಾಮತ್ಸು ಎಂಬ ಊರಿನ ಶಾಲೆಯಲ್ಲಿ ಕೆಟ್ಟುಹೋಗಿದ್ದ ಪರದೇಶದ ರೀಡ್ ಆರ್ಗನ್ನನ್ನು ತೊರಾಕುಸು ಯಮಾಹಾ ಎಂಬವನು ರಿಪೇರಿ ಮಾಡಿದ. ಅದರ ಒಳಗನ್ನು ಕಂಡ ಮೇಲೆ ತಾನೇ ಒಂದನ್ನು ಮಾಡಿದ. ಆ ರಿಪೇರಿಯಿಂದ ಹುಟ್ಟಿದ್ದು ಇಂದಿನ ಆ ಮಹಾ ಉದ್ಯಮ.

ಆ ಗೋಡೆಯನ್ನು ನೋಡುತ್ತಾ ನಿಂತಾಗ ನನಗೆ ನನ್ನ ಹಳೆಯ ಕಸುಬು ನೆನಪಾಯಿತು. ಅಲ್ಲಿದ್ದ ಗಿಟಾರುಗಳ ಆಕಾರವೆಲ್ಲ ಬಹುಮಟ್ಟಿಗೆ ಎರಡು ಮೂಲಪ್ರತಿಗಳದು: ಗಿಬ್ಸನ್ ಕಂಪನಿಯ 1952ರ ಲೆಸ್ ಪಾಲ್, ಫೆಂಡರ್ ಕಂಪನಿಯ 1954ರ ಸ್ಟ್ರಾಟೊಕ್ಯಾಸ್ಟರ್. ಉಳಿದವೆಲ್ಲ ಪ್ರತಿಗಳು, ಪ್ರತಿಯ ಪ್ರತಿಗಳು. ನಮ್ಮ ತಾಳಗುಂದದ ಕಂಬದ ಮೇಲಿನ ಕಾವ್ಯವನ್ನು ಕವಿ ಕುಬ್ಜನೇ ಕಲ್ಲಿನ ಮೇಲೆ ಬರೆದನಂತೆ. ಅಲ್ಲಿ ಪಾಠಾಂತರದ ಪೀಡೆ ಇಲ್ಲ. ಓಲೆಗರಿಗಳಲ್ಲಿ ಆ ಭಾಗ್ಯ ಎಲ್ಲಿಯದು? ಪಂಪನ ಹೆಸರು ಹೊತ್ತ ಪ್ರತಿಯಲ್ಲಿಯೂ ಲಿಪಿಕಾರ ತೂಕಡಿಸಿದ್ದರೆ ಕಂದಪದ್ಯ ಕುಂಟುತ್ತದೆ. ಸಂಪಾದಕನಾದವನು ಕವಿಯ ಹೆಸರಿಗೆ ಕೈಮುಗಿದು, ಆಮೇಲೆ ಲಿಪಿಕಾರನ ಎಚ್ಚರವನ್ನು ಅಳೆಯಬೇಕು. ಈ ಗಿಟಾರುಗಳ ತಲೆಯ ಮೇಲಿನ ಹೆಸರು ಕವಿಯದು. ನಮ್ಮ ಕೈಗೆ ಬರುವುದು ಲಿಪಿಕಾರನ ಕೆಲಸ.

ಹುಡುಗನ ಕಣ್ಣು ಹೆಸರುವಾಸಿಯಾದ ಒಂದರ ಮೇಲಿತ್ತು. ಬೆಲೆ 22 ಸಾವಿರ. ಅದರ ಪಕ್ಕದಲ್ಲಿ ಅಷ್ಟು ಹೆಸರಿಲ್ಲದ್ದು 16 ಸಾವಿರಕ್ಕೆ ಇತ್ತು. ಎರಡನ್ನೂ ಇಳಿಸಿಕೊಂಡೆವು. ಎಲೆಕ್ಟ್ರಿಕ್ ಗಿಟಾರಿನ ದನಿಯ ಹುಟ್ಟು ಸರಳವಾದದ್ದು. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿ ಸುತ್ತಿರುತ್ತಾರೆ, ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಪೊಳ್ಳು ಹೊಟ್ಟೆಯ ವೀಣೆಯಲ್ಲಿ ಹಲಸಿನ ಮರ ಮಾಡುವ ಕೆಲಸವನ್ನು ಇಲ್ಲಿ ಮರದಿಂದ ನಿರೀಕ್ಷಿಸಬಾರದು. ದನಿ ತೃಪ್ತಿಯಾಗದಿದ್ದರೆ ಆ ತಾಮ್ರದ ಸುರುಳಿಯನ್ನು ಮುಂದೆ ಬದಲಾಯಿಸಬಹುದು. ಅಷ್ಟು ಸುಲಭವಾಗಿ ಬದಲಾಯಿಸಲಾಗದ್ದು ದಂಡಿ. ಆದ್ದರಿಂದ ನಾವು ಹೊತ್ತು ಕಳೆದದ್ದು ದಂಡಿಯ ಮೇಲೆ. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲೂ ಒತ್ತಿ ಮೀಟಿದೆವು. ಹೆಸರುವಾಸಿಯಾದದ್ದು ಮೂರು ಕಡೆ ಜುಂಯ್‌ಗುಟ್ಟಿತು; ಅಂಚಿನಗುಂಟ ಹೆಬ್ಬೆರಳು ಸವರಿದರೆ ಮೆಟ್ಟಿಲುಗಳ ತುದಿ ಹಕ್ಕಳೆಯಂತೆ ಚುಚ್ಚಿದವು. ಹೆಸರಿಲ್ಲದ್ದರ ಮೆಟ್ಟಿಲು ನಯವಾಗಿದ್ದವು, 12ನೆಯ ಮೆಟ್ಟಿಲಿನ ಸ್ವರ ನಿಜ ನುಡಿಯಿತು. ಆದರೆ ಅದರ ಬಿರಡೆಗಳು ಸಡಿಲ. ತಂತಿಯನ್ನು ಎಳೆದುಬಿಟ್ಟರೆ ಶ್ರುತಿ ಕೆಳಗೆ ಜಾರುತ್ತಿತ್ತು.

ಅಷ್ಟರಲ್ಲಿ ಅಂಗಡಿಯ ಹುಡುಗ ಹೆಸರುವಾಸಿಯಾದದ್ದರ ಇನ್ನೊಂದು ಪ್ರತಿಯನ್ನು ತಂದುಕೊಟ್ಟ. ಅದೇ ಮಾದರಿ, ಅದೇ ಬಣ್ಣ, ಅದೇ ಬೆಲೆ. ಆಶ್ಚರ್ಯವೆಂದರೆ ಅದರಲ್ಲಿ ಒಂದು ದೋಷವೂ ಕಾಣಲಿಲ್ಲ! ಒಂದೇ ಕಾರ್ಖಾನೆಯ ಎರಡು ಕೂಸುಗಳಲ್ಲಿ ಅಷ್ಟು ಅಂತರ. ನನ್ನ ತೀರ್ಮಾನವೆಲ್ಲ ತಲೆಕೆಳಗಾಯಿತೆಂದು ಹುಡುಗ ನಕ್ಕ. ತಲೆಕೆಳಗಾಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು ಎಂದೆ. ಮಾದರಿಯನ್ನು ನೋಡಿ ಅಗ್ಗದ ವಾದ್ಯವನ್ನು ಕೊಳ್ಳುವ ಹಾಗಿಲ್ಲ. ಎದುರಿಗಿರುವ ಆ ಒಂದನ್ನು ನೋಡಿಯೇ ಕೊಳ್ಳಬೇಕು. ಪರೀಕ್ಷಿಸಿದ್ದನ್ನು ಬಿಟ್ಟು, “ಹೊಸದು ಕೊಡುತ್ತೇವೆ” ಎಂದು ಮುಚ್ಚಿದ ಪೆಟ್ಟಿಗೆಯನ್ನು ಕೊಡಲು ಬಂದರೆ ಬೇಡವೆನ್ನಬೇಕು.

ಕೊನೆಗೆ 16 ಸಾವಿರದ್ದನ್ನೇ ಕೊಂಡೆವು. ಉಳಿದ 6 ಸಾವಿರದಲ್ಲಿ ಒಳ್ಳೆಯ ಬಿರಡೆಗಳನ್ನು ಹಾಕಿಸಿ, ತಂತಿಯ ಎತ್ತರವನ್ನು ಇಳಿಸಿ, ದಂಡಿಯೊಳಗೆ ಹುದುಗಿರುವ ಉಕ್ಕಿನ ಸರಳನ್ನು ತಿರುಗಿಸಿ ಬಾಗು ಸರಿಪಡಿಸಿಕೊಡಲು ಅಲ್ಲಿಯ ಕುಶಲಿಯೊಬ್ಬನಿಗೆ ಕೂಲಿ ಕೊಟ್ಟೆವು. ಒಂದು ಪುಟ್ಟ ಆಂಪ್ಲಿಫೈಯರಿಗೂ ಆಯಿತು. ಆ ಕುಶಲಿಯ ಎರಡು ಗಂಟೆಯ ಕೆಲಸ ವಾದ್ಯದ ಮೌಲ್ಯವನ್ನು ಎಷ್ಟು ಹೆಚ್ಚಿಸಿತೆಂಬುದನ್ನು ನಾನು ಕಣ್ಣಾರೆ ಕಂಡೆ. ಸೊರಬದ ಗುಡಿಗಾರರು ಶ್ರೀಗಂಧದ ತುಂಡಿನ ಮೇಲೆ ಉಳಿ ಹಿಡಿದು ಕೂರುವಾಗ ಅವರ ಮುಖದಲ್ಲಿ ಕಾಣುವ ಮೌನವೇ ಅವನ ಮುಖದಲ್ಲಿಯೂ ಇತ್ತು. ಆದರೆ ಹೆಸರಿಗೆ ಬೆಲೆಯೇ ಇಲ್ಲವೆಂದು ನಾನು ಹೇಳಲಾರೆ. ನಾಳೆ ಮಾರಹೊರಟರೆ ಹೆಸರುವಾಸಿಯಾದದ್ದಕ್ಕೆ ಹೆಚ್ಚು ಹಣ ಬರುತ್ತದೆ. ಗೆಳೆಯರ ಮುಂದೆ ಎತ್ತಿ ಹಿಡಿಯುವ ಹುಮ್ಮಸ್ಸೂ ಅದರಲ್ಲಿದೆ, ಹತ್ತೊಂಬತ್ತರ ಹರೆಯಕ್ಕೆ ಅದು ಸಣ್ಣ ಸಂಗತಿಯಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಹರಿಹರದವರೆಗೆ ಹುಡುಗ ಮಾತನಾಡಲಿಲ್ಲ.

ಮನೆಗೆ ಬಂದ ಮೇಲೆ ವಾದ್ಯದ ವಿವರಪಟ್ಟಿಯನ್ನು ಓದುತ್ತಿದ್ದೆ. ಬೆರಳಿಡುವ ಹಲಗೆ ‘ಇಂಡಿಯನ್ ಲಾರೆಲ್’ ಎಂದಿತ್ತು. ಯಾವ ಮರವೋ ಎಂದು ನಿಘಂಟು, ಸಸ್ಯಶಾಸ್ತ್ರದ ಪುಸ್ತಕ ತೆರೆದೆ. ನಮ್ಮ ಮತ್ತಿ! ಮೊಸಳೆಯ ಬೆನ್ನಿನಂತಹ ತೊಗಟೆಯ, ಮಲೆನಾಡಿನ ಹಳೆಯ ಮನೆಗಳ ತೊಲೆಗಳಾಗಿ ಹೊಗೆ ಕುಡಿದ ಅದೇ ಮತ್ತಿ. ಹಿಂದೆ ಈ ಸ್ಥಾನ ಬೀಟೆಯದಾಗಿತ್ತು. ಪಶ್ಚಿಮಘಟ್ಟದ ಬೀಟೆ ಜಗತ್ತಿನ ಎಷ್ಟೋ ಗಿಟಾರುಗಳ ಹಲಗೆಯಾಗಿದೆ. 2017ರ ಜನವರಿಯಿಂದ ಬೀಟೆಯ ಜಾತಿಯ ಮರಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಟ್ಟು ಬಿಗಿಯಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತರೂ ಅಷ್ಟರಲ್ಲಿ ಕಾರ್ಖಾನೆಗಳು ಬದಲಿ ಮರಗಳನ್ನು ಹುಡುಕಿಕೊಂಡಿದ್ದವು. ಸ್ಕ್ವಯರ್, ಎಪಿಫೋನ್ ಹೆಸರಿನ ಅನೇಕ ಅಗ್ಗದ ಗಿಟಾರುಗಳಿಗೆ ಮತ್ತಿ ಬಂದದ್ದು ಹೀಗೆ. ನಮ್ಮ ಗಿಟಾರಿನ ಹಲಗೆ ನಮ್ಮ ಕಾಡಿನದೇ ಎಂದು ನಾನು ವಾದಿಸುವುದಿಲ್ಲ. ಮತ್ತಿ ಬರ್ಮಾ, ಸಯಾಮು, ವಿಯೆಟ್ನಾಮುಗಳಲ್ಲಿಯೂ ಬೆಳೆಯುತ್ತದೆ. ಆದರೂ ತಲೆಯೆತ್ತಿ ನಮ್ಮ ಜಗಲಿಯ ತೊಲೆಯನ್ನು ನೋಡಿದೆ. ಹುಡುಗನನ್ನೂ ಕರೆದು ತೋರಿಸಿದೆ. ಅವನು ಹಲಗೆಯನ್ನು ತೊಲೆಯ ಪಕ್ಕಕ್ಕೆ ಹಿಡಿದು ಎಳೆಗಳನ್ನು ಹೋಲಿಸಿದ. ಅಂದು ಸಂಜೆ ಮಾತು ಬಂತು.

ಮಳೆಗಾಲದಲ್ಲಿ ನಮ್ಮಲ್ಲಿ ಉಪ್ಪು ನೀರಾಗುತ್ತದೆ, ಪುಸ್ತಕಕ್ಕೆ ಬೂಸಲು ಬರುತ್ತದೆ, ಉಕ್ಕಿನ ತಂತಿಗೆ ತುಕ್ಕು ತಪ್ಪಿದ್ದಲ್ಲ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಬೇಕು. ಎರಡು ಮೂರು ತಿಂಗಳಿಗೊಮ್ಮೆ ತಂತಿ ಬದಲಾಯಿಸಬೇಕು. ನಮ್ಮ ತಂದೆಯವರು ಓಲೆಗರಿಯ ಕಟ್ಟುಗಳನ್ನು ಅಡುಗೆಮನೆಯ ಬೆಚ್ಚನೆಯ ಗೋಡೆಗೆ ತೂಗುಹಾಕುತ್ತಿದ್ದರು. ಗಿಟಾರಿನ ಚೀಲ ಈಗ ಅದೇ ಗೂಟದಲ್ಲಿದೆ. ಕಳೆದ ವಾರ ಮಗಳು ಬಂದಿದ್ದಳು. ಮಗ ಹೊರಗೆ ಹೋಗಿದ್ದಾಗ ಅವಳೇ ಅದನ್ನು ಇಳಿಸಿಕೊಂಡು, ಮೊದಲ ಮೆಟ್ಟಿಲಿನ ಮೇಲೆ ಬೆರಳಿಟ್ಟು, “ಇಲ್ಲಿ ಒತ್ತಬೇಕೋ, ಇದರ ಹಿಂದೆಯೋ?” ಎಂದು ನನ್ನನ್ನು ಕೇಳಿದಳು. ಹಿಂದೆ, ಮೆಟ್ಟಿಲಿಗೆ ತೀರ ಹತ್ತಿರ, ಎಂದೆ.

(ಆಕಾಶವಾಣಿಯ ಕೃಪೆಯಿಂದ)