ಎರೆಮಣ್ಣಿನ ಒಳಸಂದುಗಳು

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಹೊಲಗಳನ್ನು ಬಲ್ಲವರಿಗೆ ಈ ಒಗಟು ಹೊಸದಲ್ಲ. ಹಿಂಗಾರಿ ಜೋಳ ಬಾಡತೊಡಗಿದೆ. ಆದರೆ ಹೆಂಟೆಯೊಂದನ್ನು ಒಡೆದು ನೋಡಿದರೆ ಒಳಗಿನ್ನೂ ತಣ್ಣನೆಯ ಹಸಿಯಿದೆ. ಕಿತ್ತೂರಿನಿಂದ ಪಡುವಣಕ್ಕೆ ಸರಿದರೆ ಸಿಗುವ ಕೆಂಪು ಮಣ್ಣು ತನ್ನ ನೀರನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಎರೆ ಹಾಗಲ್ಲ. ಇದೇಕೆ?

ಮಣ್ಣಿನ ಕಣಗಳ ನಡುವಣ ಸಂದು ಕಿರಿದಾದಷ್ಟೂ ನೀರಿನ ಮೇಲಣ ಹಿಡಿತ ಬಿಗಿಯಾಗುತ್ತದೆ. ಒಂದು ಮಿಲಿಮೀಟರಿನ 5,000ದಲ್ಲೊಂದು ಪಾಲಿಗಿಂತ ಇಕ್ಕಟ್ಟಾದ ಸಂದಿನ ನೀರು ಸಾಮಾನ್ಯವಾಗಿ ಬೆಳೆಯ ಬೇರಿಗೆ ದಕ್ಕದು. ಇಷ್ಟು ಸೂಕ್ಷ್ಮವಾದುದನ್ನು ಅಳೆಯುವ ಗಜಕಡ್ಡಿ ಯಾವುದು?

ವಿಜ್ಞಾನಿಗಳು ಗಾಳಿಯಲ್ಲಿರುವ ಸಾರಜನಕವನ್ನೇ ಕಡ್ಡಿಯಾಗಿ ಹಿಡಿದರು. ಅರಿವೆ ನೀರನ್ನು ಒಳಕ್ಕೆ ಹೀರುವುದು ಒಂದು ಬಗೆ. ಅನಿಲದ ಅಣುಗಳು ಘನವಸ್ತುವಿನ ಮೈಗೆ ಅಂಟಿ ನಿಲ್ಲುವುದು ಇನ್ನೊಂದು ಬಗೆ. ಇದಕ್ಕೆ ಅಧಿಶೋಷಣವೆಂದು ಹೆಸರು. ಮಣ್ಣನ್ನು ನಿರ್ವಾತದಲ್ಲಿ ಕಾಯಿಸಿ ಒಣಗಿಸಿ, ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ತಣಿಸುತ್ತಾರೆ. ಬಳಿಕ ಸಾರಜನಕ ಅನಿಲವನ್ನು ತುಸುತುಸುವೇ ಬಿಡುತ್ತಾರೆ. ಅಣುಗಳು ಒಂದೇ ಪದರವಾಗಿ ಮೈಯನ್ನು ಹೊದೆಯಲು ಎಷ್ಟು ಅನಿಲ ಬೇಕಾಯಿತೆಂದು ಲೆಕ್ಕ ಹಾಕಿದರೆ ಮಣ್ಣಿನ ಮೈಯ ವಿಸ್ತಾರ ತಿಳಿಯುತ್ತದೆ. ಈ ಲೆಕ್ಕವನ್ನು 1938ರಲ್ಲಿ ಬ್ರುನೌವರ್, ಎಮೆಟ್, ಟೆಲ್ಲರ್ ಎಂಬ ಮೂವರು ಕೊಟ್ಟರು. ಒತ್ತಡವನ್ನು ಏರಿಸುತ್ತ ಹೋದರೆ ಕಿರಿಯ ಸಂದುಗಳು ಮೊದಲು, ಹಿರಿಯವು ಆಮೇಲೆ ತುಂಬುತ್ತವೆ. ಯಾವ ಒತ್ತಡದಲ್ಲಿ ಎಷ್ಟು ತುಂಬಿತೆಂಬುದರಿಂದ ಸಂದುಗಳ ಅಗಲವನ್ನು ಕಂಡುಹಿಡಿಯುವ ಒಂದು ಪ್ರಸಿದ್ಧ ವಿಧಾನ 1951ರಲ್ಲಿ ಬಂತು.

ಆದರೆ ಎರೆಯ ಜೇಡಿ ಈ ಕಡ್ಡಿಗೂ ಪೂರ್ತಿ ಸಿಕ್ಕುವುದಿಲ್ಲ. ಮಾಂಟ್‌ಮೊರಿಲೊನೈಟ್ ಎಂಬ ಉಬ್ಬುವ ಜೇಡಿಖನಿಜ ಪುಸ್ತಕದ ಹಾಳೆಗಳಂತೆ ಪದರಪದರವಾಗಿದೆ. ಒಣಗಿದಾಗ ಹಾಳೆಗಳು ಮುಚ್ಚಿಕೊಳ್ಳುವುದರಿಂದ ಸಾರಜನಕ ನಡುವೆ ನುಗ್ಗಲಾರದು; ನೀರು ನುಗ್ಗುತ್ತದೆ. ಸಾರಜನಕದ ಅಳತೆಯಲ್ಲಿ ಈ ಖನಿಜದ ಒಂದು ಗ್ರಾಮಿನ ಮೈ ಹತ್ತಾರು ಚದರ ಮೀಟರು. ಒಳಹಾಳೆಗಳೂ ಸೇರಿದರೆ ಸುಮಾರು 700ರಿಂದ 800 ಚದರ ಮೀಟರು. ಹಾಳೆಗಳ ನಡುವೆ ನೀರು ಹೊಕ್ಕಾಗ ಎರೆ ಉಬ್ಬುತ್ತದೆ, ಹೊರಟಾಗ ಬಿರಿಯುತ್ತದೆ. ಪಟ್ಟಣದಲ್ಲಿ ಎರೆಯ ಮೇಲೆ ಆಳವಿಲ್ಲದ ಪಾಯ ಹಾಕಿ ಮನೆ ಕಟ್ಟಿದವರ ಗೋಡೆ ಸೀಳುವುದೂ ಇದರಿಂದಲೇ.

ಹೀಗಾಗಿ ಹಸಿಯೆಲ್ಲವೂ ಬೆಳೆಯ ಪಾಲಲ್ಲ. ಹೆಂಟೆ ತಣ್ಣಗಿದೆಯೆಂದು ನೀರು ಹಾಯಿಸುವುದನ್ನು ಮುಂದೂಡಿದರೆ ಪೈರು ಕಾಯದು. ಎಡೆ ಹೊಡೆದು ಬಿರುಕು ಮುಚ್ಚುವ ನಮ್ಮ ಒಕ್ಕಲಿಗರ ಪದ್ಧತಿ, ದೊಡ್ಡ ಸಂದುಗಳಲ್ಲಿನ ನೀರು ಆರಿಹೋಗದಂತೆ ತಡೆಯುತ್ತದೆ. ಬೇರಿಗೆ ದಕ್ಕುವುದು ಆ ನೀರೇ.