ಮುಚ್ಚಿಟ್ಟ ಹುಣ್ಣು

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗ್ಗೆಯಿಂದ ಭೂಮಿಯ ಬಗ್ಗೆ ಮಾತಾಡಿದಿವಿ, ಸ್ಕಾಲರ್‌ಶಿಪ್ಪಿನ ಬಗ್ಗೆ ಮಾತಾಡಿದಿವಿ. ಈಗ ನಾನು ಹೇಳೋ ವಿಷಯ ಕೇಳಿ ಕೆಲವರು ತಲೆ ತಗ್ಗಿಸಬಹುದು, ಹಿಂದಿನ ಸಾಲಿನವರು ಕಿಸಕ್ಕನೆ ನಗಬಹುದು. ನಗಿ. ನಕ್ಕಾದ ಮೇಲೆ ಕೇಳಿ. ನಾನು ಮಾತಾಡೋದು ಸಿಫಿಲಿಸ್ ಅನ್ನೋ ಕಾಯಿಲೆ ಬಗ್ಗೆ. ಮೈ ಕೂಡೋದರಿಂದ ಹರಡೋ ಕಾಯಿಲೆ ಅದು.

ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡೋ ಕೆಲಸದವನು. ಕೆಲವು ವರ್ಷದ ಹಿಂದೆ ನಿಮ್ಮಂಥ ಹಾಸ್ಟೆಲ್ ಹುಡುಗನೊಬ್ಬ ಬಂದ. ಎರಡೂ ಅಂಗೈ ತುಂಬ ಕೆಂಪು ಕಲೆ. ತುರಿಕೆ ಇಲ್ಲ, ನೋವಿಲ್ಲ. ಎರಡು ಮೂರು ತಿಂಗಳ ಹಿಂದೆ ಗುಪ್ತಾಂಗದ ಮೇಲೆ ಒಂದು ಹುಣ್ಣಾಗಿತ್ತಂತೆ. ಯಾರಿಗೂ ಹೇಳಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ 'ಗುಪ್ತರೋಗ ಚಿಕಿತ್ಸೆ' ಅಂತ ಬೋರ್ಡು ಹಾಕಿಕೊಂಡವನ ಹತ್ತಿರ ಹೋಗಿ, ಸ್ಕಾಲರ್‌ಶಿಪ್ಪಿನ ದುಡ್ಡು ಸುರಿದು, ಪುಡಿ ತಂದು ನುಂಗಿದ್ದಾನೆ. ಹುಣ್ಣು ಮಾಯಿತು. ಪುಡಿಯಿಂದಲೇ ವಾಸಿಯಾಯ್ತು ಅಂತ ನಂಬಿದ.

ಮೋಸ ಇರೋದು ಇಲ್ಲೇ. ಈ ಹುಣ್ಣು ಏನೂ ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತೆ. ಪುಡಿ ತಿಂದರೂ ಅಷ್ಟೆ, ಹರಕೆ ಹೊತ್ತರೂ ಅಷ್ಟೆ. ಹುಣ್ಣು ಹೋಯ್ತು, ಕಾಯಿಲೆ ಹೋಗಲಿಲ್ಲ. ರಕ್ತದೊಳಗೆ ಇಳಿಯಿತು. ಆಮೇಲೆ ಅಂಗೈ ಅಂಗಾಲಿನಲ್ಲಿ, ಮೈಮೇಲೆ ಕಲೆಯಾಗಿ ಬಂತು. ಆ ಕಲೆಯೂ ಬಿಟ್ಟರೆ ಹೋಗುತ್ತೆ. ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ. ಮದ್ದು ಬೀಳದಿದ್ದರೆ ಕೆಲವರಿಗೆ ಹತ್ತು ಇಪ್ಪತ್ತು ವರ್ಷದ ಮೇಲೆ ಹೃದಯ, ಮಿದುಳು, ಕಣ್ಣು ಹಿಡಿಯುತ್ತೆ.

ಆ ಹುಡುಗನಿಗೆ ಡಾಕ್ಟರು ಇಂಜೆಕ್ಷನ್ ಕೊಡಿಸಿದರು. ಅವನು ಹೊರಗೆ ಬಂದು, 'ಅಣ್ಣಾ, ಇಷ್ಟೇನಾ?' ಅಂದ. ಅವನ ಕಣ್ಣಲ್ಲಿ ನೀರಿತ್ತು. ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ. ಓದು ಬಿಟ್ಟಿದ್ದ. ಊರಿಗೆ ಹೋದರೆ ಅವ್ವನ ಮುಖ ನೋಡೋಕಾಗದೆ ತಿರುಗಿ ಬಂದಿದ್ದ. ಮದ್ದು ಇಷ್ಟು ಚಿಕ್ಕದು, ನಾಚಿಕೆ ಅಷ್ಟು ದೊಡ್ಡದು. ಆ ನಾಚಿಕೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಮಾತು.

ಹದಿನಾರನೇ ಶತಮಾನದ ಭಾವಪ್ರಕಾಶ ಅನ್ನೋ ವೈದ್ಯಗ್ರಂಥ ಇದನ್ನ ಫಿರಂಗ ರೋಗ ಅಂತ ಕರೆಯಿತು. ಸಮುದ್ರ ದಾಟಿ ಬಂದ ಪರಂಗಿಯವರ ರೋಗ ಅಂತ ಅರ್ಥ. ಆ ಪರಂಗಿಯವರು ತಮ್ಮೊಳಗೆ ಏನಂತಿದ್ದರು? ಫ್ರಾನ್ಸಿನವರು ನೇಪಲ್ಸಿನ ರೋಗ ಅಂದರು. ಇಟಲಿಯವರು ಫ್ರೆಂಚರ ರೋಗ ಅಂದರು. ರಷ್ಯಾದವರು ಪೋಲೆಂಡಿನ ರೋಗ ಅಂದರು. ಎಲ್ಲರಿಗೂ ಅದು ಪಕ್ಕದವರ ರೋಗ. ಕೊನೆಗೆ 1905ರಲ್ಲಿ ಜರ್ಮನಿಯ ಶಾಡಿನ್ ಮತ್ತು ಹಾಫ್‌ಮನ್ ಅನ್ನೋರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಫ್ರೆಂಚನೂ ಅಲ್ಲ, ಪೋಲೆಂಡಿನವನೂ ಅಲ್ಲ. ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಒಂದು ಬ್ಯಾಕ್ಟೀರಿಯಾ. ಅದಕ್ಕೆ ದೇಶ ಇಲ್ಲ, ಜಾತಿ ಇಲ್ಲ.

ಆದರೆ ನಮ್ಮ ಊರುಗಳಲ್ಲಿ ಅದಕ್ಕೂ ಜಾತಿ ಹಚ್ಚಿದರು. ದೇವರ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಅದನ್ನು ನಿಲ್ಲಿಸೋಕೆ ಕರ್ನಾಟಕದಲ್ಲಿ 1982ರಲ್ಲಿ ಕಾನೂನು ತರಬೇಕಾಯ್ತು. ಹಗಲಲ್ಲಿ ನೆರಳು ಸೋಕಿದರೆ ಮೈಲಿಗೆ ಅಂದವರು ರಾತ್ರಿ ಅವರ ಬಾಗಿಲಿಗೆ ಬಂದರು. ಬಂದವರ ಹೆಸರು ಯಾರೂ ಎತ್ತಲಿಲ್ಲ. ಕಾಯಿಲೆಗೆ ಮಾತ್ರ ಕೇರಿಯ ಹೆಣ್ಣಿನ ಹೆಸರಿಟ್ಟರು. ಗೆಳೆಯರೆ, ನಾವೂ ಹಾಸ್ಟೆಲ್ ರೂಮಿನಲ್ಲಿ ಕೂತು 'ಅವಳಿಂದ ಬಂತು' ಅಂತ ನಗುವಾಗ ಯಾರ ಬಾಯಿಂದ ಮಾತಾಡ್ತಿದೀವಿ? ಸ್ವಲ್ಪ ಯೋಚನೆ ಮಾಡಿ.

ಈ ಕಾಯಿಲೆ ಕಪ್ಪು ಜನರಿಗೆ ಏನು ಮಾಡಿತು ಅನ್ನೋದನ್ನೂ ಕೇಳಿ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮೇಕನ್ ಅನ್ನೋ ಜಿಲ್ಲೆ. ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯೋ ಬಡ ಕರಿಯರು. 1932ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆ, ಟಸ್ಕೀಗಿ ಅನ್ನೋ ಊರಿನಲ್ಲಿ, ಇಂಥ ಸುಮಾರು 600 ಗಂಡಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ಇತ್ತು. ಅದನ್ನು ಅವರಿಗೆ ಹೇಳಲಿಲ್ಲ. 'ನಿಮ್ಮ ರಕ್ತ ಕೆಟ್ಟಿದೆ' ಅಂದರು. ಬಿಸಿ ಊಟ ಕೊಟ್ಟರು, ಸತ್ತರೆ ಮಣ್ಣಿನ ಖರ್ಚು ಕೊಡ್ತೀವಿ ಅಂದರು. ಮದ್ದು ಮಾತ್ರ ಕೊಡಲಿಲ್ಲ. ಚಿಕಿತ್ಸೆ ಇಲ್ಲದೆ ಕರಿಯನ ಮೈ ಹೇಗೆ ಹಾಳಾಗುತ್ತೆ ಅಂತ ನೋಡೋದೇ ಆ ಅಧ್ಯಯನ.

1943ರಲ್ಲಿ ಪೆನಿಸಿಲಿನ್ನಿನಿಂದ ಸಿಫಿಲಿಸ್ ವಾಸಿಯಾಗುತ್ತೆ ಅಂತ ಗೊತ್ತಾಯ್ತು. ಕೆಲವೇ ವರ್ಷದಲ್ಲಿ ಅದೇ ಎಲ್ಲ ಕಡೆಯ ಚಿಕಿತ್ಸೆಯಾಯ್ತು. ಈ ಜನಕ್ಕೆ ಮಾತ್ರ ಸಿಗದ ಹಾಗೆ ನೋಡಿಕೊಂಡರು. ಗಂಡಸರು ಸತ್ತರು, ಹೆಂಡತಿಯರಿಗೆ ಹರಡಿತು, ಮಕ್ಕಳು ಕಾಯಿಲೆ ಹೊತ್ತು ಹುಟ್ಟಿದವು. 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾಗೋತನಕ, ನಲವತ್ತು ವರ್ಷ, ಇದು ನಡೆಯಿತು. ಅಮೆರಿಕದ ಅಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ.

ಅದೇ 1972ರಲ್ಲಿ ಬೊಂಬಾಯಿಯಲ್ಲಿ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದರು. ಆ ಹೆಸರು ಬಂದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ಆ ಬ್ಲ್ಯಾಕ್ ಪ್ಯಾಂಥರ್‌ಗಳು ಬರೀ ಘೋಷಣೆ ಕೂಗಲಿಲ್ಲ. ತಮ್ಮ ಬಡಾವಣೆಗಳಲ್ಲಿ ಪುಕ್ಕಟೆ ದವಾಖಾನೆ ತೆರೆದರು. ಮೈಯನ್ನು ಉಳಿಸಿಕೊಳ್ಳೋದೂ ಹೋರಾಟ ಅಂತ ಅವರಿಗೆ ಗೊತ್ತಿತ್ತು.

ಟಸ್ಕೀಗಿಯ ಜನಕ್ಕೆ ಮದ್ದು ತಪ್ಪಿಸಿದ್ದು ಸರ್ಕಾರ. ನಮಗೆ ಮದ್ದು ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತೆ. ಆದರೂ ನಾವೇ ಹೋಗಲ್ಲ. ನಲವತ್ತು ವರ್ಷ ಅಲ್ಲಿ ಸರ್ಕಾರ ಮಾಡಿದ್ದನ್ನ ಇಲ್ಲಿ ನಮ್ಮ ನಾಚಿಕೆ ಮಾಡ್ತಾ ಇದೆ.

ಈಗ ಕೆಲಸದ ಮಾತು. ಬೇಕಾದರೆ ಬರ್ಕೊಳ್ಳಿ.

ಗುಪ್ತಾಂಗದಲ್ಲಿ, ಗುದದಲ್ಲಿ, ಬಾಯಲ್ಲಿ ನೋವಿಲ್ಲದ ಹುಣ್ಣಾದರೆ, ಅಂಗೈ ಅಂಗಾಲಿನಲ್ಲಿ ಕಲೆ ಬಂದರೆ, ಜಿಲ್ಲಾ ಆಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಹೆಣ್ಣುಮಕ್ಕಳಿಗೆ ಹುಣ್ಣು ಒಳಗಡೆ ಆಗಿ ಕಾಣದೇ ಇರಬಹುದು. ಅದಕ್ಕೇ ಜೊತೆಗಾರನಿಗೆ ಕಾಯಿಲೆ ಇದೆ ಅಂತ ಗೊತ್ತಾದರೆ ಕಾಯಬೇಡಿ. ರಕ್ತ ಪರೀಕ್ಷೆ ಮಾಡ್ತಾರೆ. ವಿ.ಡಿ.ಆರ್.ಎಲ್. ಅಂತ ಅದರ ಹೆಸರು. ಹುಣ್ಣಾದ ಮೊದಲ ದಿನಗಳಲ್ಲಿ ಪರೀಕ್ಷೆಯಲ್ಲಿ ಕಾಣದಿರಬಹುದು. ಡಾಕ್ಟರು ಮತ್ತೆ ಬಾ ಅಂದರೆ ಮತ್ತೆ ಹೋಗಿ. ಅದೇ ರಕ್ತದಲ್ಲಿ ಎಚ್.ಐ.ವಿ. ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ಮದ್ದು ಬೆಂಜಥೀನ್ ಪೆನಿಸಿಲಿನ್. ಕಾಯಿಲೆ ಹತ್ತಿ ವರ್ಷದೊಳಗಾಗಿದ್ದರೆ 24 ಲಕ್ಷ ಯೂನಿಟ್ಟಿನ ಒಂದು ಸಲದ ಇಂಜೆಕ್ಷನ್, ಸೊಂಟದ ಕೆಳಗೆ. ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು. ಇಂಜೆಕ್ಷನ್ ಹಾಕಿದ ದಿನ ಜ್ವರ, ಮೈಕೈ ನೋವು ಬಂದರೆ ಹೆದರಬೇಡಿ. ಬ್ಯಾಕ್ಟೀರಿಯಾ ಸಾಯುವಾಗ ಹಾಗಾಗೋದುಂಟು, ಒಂದು ದಿನದಲ್ಲಿ ಇಳಿಯುತ್ತೆ. ಪೆನಿಸಿಲಿನ್ ಮೈಗೆ ಒಗ್ಗಲ್ಲ ಅಂತ ಮೊದಲೇ ಗೊತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅಂಥವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಇದೆ, ಆದರೆ ಬಸುರಿಯರಿಗೆ ಅದು ಬೇಡ. ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ಎರಡು ದಿನದ ಮಾತ್ರೆ ನುಂಗೋದು ಚಿಕಿತ್ಸೆಯಲ್ಲ.

ಇಂಜೆಕ್ಷನ್ ಆದ ಮೇಲೆ ಹುಣ್ಣು ಪೂರ್ತಿ ಮಾಯೋತನಕ ಮೈ ಕೂಡಬೇಡಿ. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಒಂದು ಸಲ ಬಂದು ವಾಸಿಯಾದವರಿಗೆ ಮತ್ತೆ ಬರಲ್ಲ ಅನ್ನೋದು ಸುಳ್ಳು. ನಿರೋಧ್ ಬಳಸಿದರೆ ಅಪಾಯ ಬಹಳ ಕಡಿಮೆ. ಆದರೆ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಕಾಯಿಲೆ ಹತ್ತಬಹುದು.

ಎಲ್ಲಕ್ಕಿಂತ ಕಷ್ಟದ ಕೆಲಸ ಜೊತೆಗಾರರಿಗೆ ಹೇಳೋದು. ನೀವು ಇಂಜೆಕ್ಷನ್ ಹಾಕಿಸಿಕೊಂಡು ಸುಮ್ಮನಾದರೆ ಆ ಹೆಣ್ಣೊಳಗೋ ಗಂಡೊಳಗೋ ಕಾಯಿಲೆ ಬೆಳೀತಾ ಇರುತ್ತೆ. ಅವಳು ಬಸುರಿಯಾದರೆ ಹೊಟ್ಟೆಯ ಕೂಸಿಗೂ ಹೋಗುತ್ತೆ. ಕೂಸು ಹೊಟ್ಟೆಯಲ್ಲೇ ಸಾಯಬಹುದು. ತಾಯಿಗೆ ಹೊತ್ತಿಗೆ ಸರಿಯಾಗಿ ಕೊಟ್ಟ ಅದೇ ಇಂಜೆಕ್ಷನ್ ಕೂಸನ್ನೂ ಉಳಿಸುತ್ತೆ. ನಿಮ್ಮ ಅಕ್ಕ, ಅತ್ತಿಗೆ ಬಸುರಿಯಾದರೆ ಮೊದಲ ತಿಂಗಳುಗಳಲ್ಲೇ ಈ ಪರೀಕ್ಷೆ ಆಯ್ತಾ ಅಂತ ಕೇಳಿ. ಕೇಳೋಕೆ ಓದಿದವರಾಗಿ ನಿಮಗೆ ಬಾಯಿ ಇದೆ.

ಆಸ್ಪತ್ರೆಯಲ್ಲಿ ಯಾರಾದರೂ ನಾಲ್ಕು ಜನರ ಮುಂದೆ ಕೂಗಿ ಕೇಳಿದರೆ, ಜಾತಿ ಎತ್ತಿ ಮಾತಾಡಿದರೆ, ಎದ್ದು ಓಡಿಬರಬೇಡಿ. 'ಬಾಗಿಲು ಹಾಕಿ ಮಾತಾಡಿ' ಅನ್ನಿ. ಒಬ್ಬರೇ ಹೋಗೋಕೆ ಭಯವಾದರೆ ಸಂಘಟನೆಯ ಒಬ್ಬ ಗೆಳೆಯನನ್ನ ಕರ್ಕೊಂಡು ಹೋಗಿ. ಆ ಗೆಳೆಯ ಬಾಯಿ ಬಿಗಿಹಿಡಿದಿರಬೇಕು. ರೂಮಿನಲ್ಲಿ ಬಂದು ಆಡಿಕೊಂಡರೆ ಅವನು ಸಂಗಾತಿಯಲ್ಲ.

ಕೆರೆ ನೀರು ಮುಟ್ಟಬೇಡಿ ಅಂದಾಗ ನಾವು ನಾಚಿಕೊಂಡು ಹಿಂದೆ ಸರಿಯಲಿಲ್ಲ. ಆಸ್ಪತ್ರೆಯೂ ನಮ್ಮದೇ ಕೆರೆ. ಅಲ್ಲಿನ ಮದ್ದು ನಮ್ಮ ಹಕ್ಕು. ಇವತ್ತು ಈ ಸಭೆಯಲ್ಲಿ ಒಬ್ಬ ಹುಡುಗನೋ ಒಬ್ಬ ಹುಡುಗಿಯೋ ಹೆದರಿಕೊಂಡು ಕೂತಿರಬಹುದು. ಯಾರು ಅಂತ ಯಾರೂ ತಿರುಗಿ ನೋಡಬೇಡಿ. ಆ ತಮ್ಮನಿಗೆ, ಆ ತಂಗಿಗೆ ನಾನು ಹೇಳೋದು ಒಂದೇ: ನಾಳೆ ಬೆಳಗ್ಗೆ ಹೊರರೋಗಿ ಚೀಟಿ ಮಾಡಿಸು. ಇಷ್ಟೇನಾ ಅಂತ ನೀನೂ ಕೇಳ್ತೀಯ.

ಜೈ ಭೀಮ್.